ಅಟ್ಟದ ಮೇಲಿನ ಬುಸ್

ಚಳಿ ಹಿಂದೆ ಸರಿಯುತ್ತಿದ್ದ ಕಾಲ, ಬೆಳಗಿನ ಏಳು ಗಂಟೆ. ಕತ್ತರಿಯಣ್ಣ ಕ್ಷೌರದಂಗಡಿಯ ಬಾಗಿಲು ತೆಗೆದು, ಕುರ್ಚಿ ಒರೆಸಿ, ಬಿಸಿನೀರಿಗೆ ಬ್ರಷ್ಷು ಅದ್ದಿದ್ದೇ ತಡ, ತಲೆಯ ಮೇಲಿನ ಹಲಗೆಯಟ್ಟದಿಂದ ಸದ್ದು ಬಂತು.

“ಬುಸ್ಸ್ಸ್...”

ಬ್ರಷ್ಷು ಕೈಯಿಂದ ಜಾರಿತು. ಅವನು ಜನ್ಮದಲ್ಲಿ ಕತ್ತರಿಸಿದ ಕೂದಲೆಲ್ಲ ಒಟ್ಟಿಗೇ ಎದ್ದು ನಿಂತ ಹಾಗೆ ಮೈ ಜುಮ್ಮೆಂದಿತು.

ಪಕ್ಕದ ಸೈಕಲ್ ರಿಪೇರಿ ಅಂಗಡಿ ಅವನ ಹೆಂಡತಿಯ ತಮ್ಮನದು. ಮೈದುನ ಓಡಿಬಂದು, ಹೊಸ್ತಿಲಾಚೆಯೇ ನಿಂತು ಕಿವಿಗೊಟ್ಟು ತೀರ್ಪು ಕೊಟ್ಟ.

“ನಾಗರಹಾವು, ಭಾವ. ಒಂದಲ್ಲ, ಎರಡಿವೆ. ಗಂಡ ಹೆಂಡ್ತಿ ಜಗಳ ಆಡ್ತಿರೋ ಹಾಗಿದೆ.”

“ಮೆಲ್ಲಗೆ ಮಾತಾಡೋ!”

ಮೆಲ್ಲಗೆ ಆಡಿದ್ದೂ ತರಕಾರಿ ಗಾಡಿಯ ಅಕ್ಕನಿಗೆ ಕೇಳಿಸಿತು. ಅವಳಿಗೆ ಕೇಳಿಸಿದರೆ ಬೀದಿಗೇ ಡಂಗುರ ಹೊಡೆದ ಹಾಗೆ.

ಕತ್ತರಿಯಣ್ಣನಿಗೆ ಹಾವಿನ ಭಯ ಒಂದು ಪಾಲಾದರೆ, ಮಂಡಿ ಯಜಮಾನರ ಭಯ ಮೂರು ಪಾಲು. ಅಂಗಡಿಯ ಕಟ್ಟಡ ಅವರದು. ಹಿಂದಿನ ಗೋಡೆಯಾಚೆ ಅವರ ಧಾನ್ಯದ ಗೋದಾಮು. ಇದನ್ನೂ ಅದಕ್ಕೇ ಸೇರಿಸಿಕೊಳ್ಳುವ ಆಸೆ ಅವರಿಗೆ, ನೆಪವೊಂದು ಸಿಗಬೇಕಿತ್ತಷ್ಟೇ. ಹಾವು ಅಂದರೆ ಸಾಕು, ‘ಅಟ್ಟ ಕೆಡವಬೇಕು, ಖಾಲಿ ಮಾಡು’ ಎನ್ನುತ್ತಾರೆ. ಅಪ್ಪ ಕುಳಿತು ಬಾಳಿದ ಜಾಗ. ಇದು ಹೋದರೆ ಅವನಿಗೆ ಬೀದಿಯೇ ಗತಿ. ಯಜಮಾನರು ಗಡ್ಡಕ್ಕೆ ಬರುವ ಬುಧವಾರವೂ ಅಂದೇ.

“ನೀವು ನಿಮ್ಮ ಕೆಲಸ ಮಾಡ್ತಿರಿ. ನಾನು ಹಿಂದಿನಿಂದ ಹತ್ತಿ, ಕೋಲಲ್ಲಿ ತಿವಿದು ಓಡಿಸ್ತೀನಿ,” ಎಂದ ಮೈದುನ.

“ಬೇಡ್ವೋ!” ಎನ್ನುವಷ್ಟರಲ್ಲಿ ಯಜಮಾನರು ಬಂದೇಬಿಟ್ಟರು. ಕುರ್ಚಿಗೊರಗಿ ಗಂಟಲು ಮೇಲೆತ್ತಿದರು. ಕತ್ತಿ ಅರ್ಧ ಕೆನ್ನೆ ದಾಟಿರಲಿಲ್ಲ, ಮತ್ತೆ “ಬುಸ್ಸ್ಸ್!”

“ಅದೇನೋ ಸದ್ದು?”

“ಮೈದುನ ಟ್ಯೂಬಿಗೆ ಗಾಳಿ ಹೊಡೀತಿದಾನೆ, ಯಜಮಾನ್ರೇ.”

“ಸದ್ದು ಮೇಲಿಂದ ಬರ್ತಿದೆಯಲ್ಲೋ!”

“ಗಾಳಿ ಅಲ್ವಾ, ಮೇಲಕ್ಕೆ ಹೋಗತ್ತೆ.”

ಮೇಲೆ ಹಾವು, ಕೆಳಗೆ ಗಂಟಲು, ನಡುವೆ ಬಿರುಗಾಳಿಗೆ ಸಿಕ್ಕ ಎಲೆಯಂತೆ ಅದುರುವ ಕತ್ತಿ.

“ಲೋ, ಗಡ್ಡ ತೆಗೀತಿದೀಯೋ, ತಲೆ ತೆಗೀತಿದೀಯೋ?”

ಬಾಗಿಲಿಂದ ತರಕಾರಿ ಅಕ್ಕ ಕೂಗಿದಳು: “ಅಲ್ಲಾಡ್ಬೇಡಿ ಯಜಮಾನ್ರೇ, ಅದಕ್ಕೆ ಕೋಪ ಬರತ್ತೆ!”

“ಯಾವುದಕ್ಕೇ?”

ಉತ್ತರ ಮೇಲಿಂದಲೇ ಬಿತ್ತು. ಯಜಮಾನರ ಮಡಿಲಿನ ಬಿಳಿ ಬಟ್ಟೆಯ ಮೇಲೆ ಟಪ್ಪೆಂದು ಒಂದು ಕರಿಯ ಉಂಡೆ. ಬೆನ್ನಿಗೇ ಅಟ್ಟದಲ್ಲಿ ಕೋಲು ತಿವಿದ ಸದ್ದು, ಹಲಗೆ ಕಿತ್ತ ಸದ್ದು, ಧೂಳು. ಧೂಳಿನ ಜೊತೆಗೆ ಮೆತ್ತನೆಯದೇನೋ ಯಜಮಾನರ ನೆತ್ತಿಯ ಮೇಲೆ ಧೊಪ್ಪೆಂದಿತು.

ಕತ್ತರಿಯಣ್ಣ ಕತ್ತಿ ಎಸೆದು ಕಣ್ಣು ಮುಚ್ಚಿದ. ಮುಗಿಯಿತು, ಕಚ್ಚಿತು, ನನ್ನ ಅಂಗಡಿಯಲ್ಲೇ ಸತ್ತರು! ಧೈರ್ಯ ಮಾಡಿ ಒಂದು ಕಣ್ಣು ತೆರೆದರೆ ಕನ್ನಡಿಯಲ್ಲಿ ಎರಡು ಮುಖ. ಕೆಳಗಿನದು ನೊರೆ ಮೆತ್ತಿದ್ದು. ಮೇಲಿನದು ನಡುವೆ ಸೀಳಿದ ಸೇಬಿನಂಥದ್ದು, ಬೀಜದ ಜಾಗದಲ್ಲಿ ಎರಡು ಕಪ್ಪು ಕಣ್ಣು. ಮೈ ಕನ್ನಡಿಯ ಕಡೆಗಿದ್ದ ಹಾಗೇ ಅದರ ಮುಖ ಮಾತ್ರ ನಿಧಾನವಾಗಿ ಬೆನ್ನಿನ ಕಡೆಗೆ ತಿರುಗಿತು. ಹಿಂದೆ ನಿಂತಿದ್ದ ಕತ್ತರಿಯಣ್ಣನನ್ನು ದಿಟ್ಟಿಸಿ, ಬಾಯಿ ತೆರೆದು, “ಬುಸ್ಸ್ಸ್!” ಎಂದಿತು.

ಮೈ ಹಕ್ಕಿಯದು, ಬಾಯಿ ಹಾವಿನದು. ಗೂಬೆ ಮರಿ!

ಅಟ್ಟದ ಕಿಂಡಿಯಲ್ಲಿ ಅಂಥವೇ ಇನ್ನೆರಡು ಮುಖ ಇಣುಕಿದವು. ಅವುಗಳ ನಡುವೆ ಮೈದುನನದು.

“ಏನು ಭಾವ, ಯಜಮಾನ್ರ ತಲೆ ಮೇಲೇ ಗೂಬೆ ಕೂರಿಸ್ಬಿಟ್ರಲ್ಲ!”

ಕತ್ತರಿಯಣ್ಣ ಕೈಮುಗಿದು ನಿಂತ. ಯಜಮಾನರಿಗೆ ಅವನ ಮೇಲೆ ಗಮನವೇ ಇರಲಿಲ್ಲ. ಬೆರಳಲ್ಲಿ ಮಡಿಲಿನ ಉಂಡೆ ಬಿಡಿಸುತ್ತಿದ್ದರು. ಒಳಗೆ ಕೂದಲು, ಸಣ್ಣ ಮೂಳೆ, ಕಡಲೆಗಾತ್ರದ ತಲೆಬುರುಡೆ.

“ಇಲಿ! ಇವು ನುಂಗಿ ಉಗುಳಿರೋದು ನನ್ನ ಗೋದಾಮಿನ ಇಲಿ! ಬೆಕ್ಕು ಸಾಕಿದೆ, ಪಾಷಾಣ ಇಟ್ಟೆ, ಜಗ್ಗದ ಇಲಿ ಕಾಟ ಈ ತಿಂಗಳು ತಾನಾಗಿ ನಿಂತಿದ್ದು ಇದಕ್ಕೇನಾ!”

“ಹಾಗಾದ್ರೆ ಅಟ್ಟ ಕೆಡವಲ್ವಾ, ಯಜಮಾನ್ರೇ?”

“ಕೆಡವೋದಾ? ಒಂದು ಮೊಳೆ ಕಿತ್ರೆ ನೋಡು!”

ಕತ್ತರಿಯಣ್ಣನಿಗೆ ಹೋದ ಜೀವ ಬಂತು. ಯಜಮಾನರು ಮರಿಯನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ಎದೆಗವಚಿಕೊಂಡು ದನಿ ತಗ್ಗಿಸಿದರು.

“ಆದ್ರೆ ಇವು ಹಗಲು ಮಲಗೋ ಜೀವ ಕಣೋ. ನಿನ್ನ ರೇಡಿಯೋ, ಹರಟೆ, ಕತ್ತರಿ ಕಿಟಿಕಿಟಿ... ಪಾಪ, ಇವಕ್ಕೆ ನಿದ್ದೆ ಎಲ್ಲಿಂದ ಬರ್ಬೇಕು?”

ಗೂಬೆಗಳು ಅಟ್ಟದಲ್ಲೇ ಉಳಿದವು. ಎರಡೇ ದಿನ ಕಳೆದು, ಶುಕ್ರವಾರ, ಕತ್ತರಿಯಣ್ಣ ಅಂಗಡಿ ಖಾಲಿ ಮಾಡಿ, ಕನ್ನಡಿ ಬೆನ್ನಿಗೆ ಹೊತ್ತು ತುದಿಗಾಲಲ್ಲಿ ಹೊರಬಿದ್ದ. ಬಾಗಿಲಲ್ಲಿ ಯಜಮಾನರು ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದರು.