ಕಾಫಿ ಹೊಟ್ಟಿನ ಬಾಣಂತನ

ನಮ್ಮ ಸೋದರಮಾವನನ್ನು ಐದು ನಿಮಿಷ ಸುಮ್ಮನೆ ಕೂರಿಸಿದವರಿಗೆ ನಾನು ಒಂದು ಚೀಲ ಸೋನಾಮಸೂರಿ ಬಹುಮಾನ ಕೊಡುತ್ತೇನೆ. ಧೈರ್ಯವಾಗಿಯೇ ಹೇಳುತ್ತಿದ್ದೇನೆ, ಯಾಕೆಂದರೆ ಸುರಪುರದ ಕ್ಷೌರದಂಗಡಿಯವನೇ ಈ ಪಂದ್ಯದಲ್ಲಿ ಅರ್ಧ ಗಡ್ಡಕ್ಕೆ ಸೋತಿದ್ದಾನೆ! ಮಾವ ನಾರಾಯಣಪುರದಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸಿ ನಿವೃತ್ತರಾದವರು. ಈಗ ಎತ್ತಲು ಏನೂ ಸಿಗದೆ, ಚೆನ್ನಾಗಿರುವ ಮಿಕ್ಸರನ್ನೂ ಬಿಚ್ಚಿಡುತ್ತಾರೆ.

ಹೋದ ವರ್ಷ ಅವರಿಗೆ ಅಣಬೆಯ ಹುಚ್ಚು ಹಿಡಿಯಿತು. ಹಿಡಿಯಲಿ ಬಿಡಿ, ಆದರೆ ಯಾವುದರ ಮೇಲೆ ಬೆಳೆಯುವುದು? ದೇವಾಪುರದ ತನಕ ಎಲ್ಲಿ ನೋಡಿದರೂ ಭತ್ತದ ಹುಲ್ಲು. ಮಾವನಿಗೆ ಬೇಕಾದದ್ದು ಕಾಫಿ ಹೊಟ್ಟು! ನಮ್ಮ ಕಡೆ ಹೋಟೆಲಿನಲ್ಲಿ ಕಾಫಿ ಕೇಳಿದರೆ "ಯಾಕ್ರಿ, ಮೈಯಾಗ ಆರಾಮಿಲ್ಲೇನು?" ಎಂದು ವಿಚಾರಿಸುತ್ತಾರೆ. ಚಿಕ್ಕಮಗಳೂರಿಗೆ ಅಕ್ಕಿ ಒಯ್ಯುವ ಲಾರಿ ಡ್ರೈವರನನ್ನು ಹಿಡಿದು, ಬರುವಾಗ ನಾಲ್ಕು ಚೀಲ ಹೊಟ್ಟು ತರಿಸಿದರು.

"ಹುಲ್ಲಿನ ಮ್ಯಾಲ ಎಲ್ಲಾರೂ ಬೆಳಿತಾರ. ಅದರಾಗೇನು ಮಜಾ?" ಎಂಬುದು ಅವರ ವಾದ.

ಹೊಟ್ಟನ್ನು ಕುದಿಸಬೇಕಂತೆ. ಸ್ನಾನದ ಹಂಡೆಯಲ್ಲೇ ಕುದಿಸಿದರು. ಆ ವಾರವೆಲ್ಲ ಅತ್ತೆ ಹಂಡೆಯ ನೀರಿನಲ್ಲಿ ಸ್ನಾನ ಮಾಡಿ ಬಂದು, ಹೊಟ್ಟಿನ ವಾಸನೆ ಹೋಗಲೆಂದು ತಣ್ಣೀರಿನಲ್ಲಿ ಮತ್ತೊಮ್ಮೆ ಸ್ನಾನ ಮಾಡಿದಳು! ಆಮೇಲೆ ಅಣಬೆ ಬೀಜ ಬೆರೆಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಮಲಗುವ ಕೋಣೆಯಲ್ಲಿ ತೂಗುಹಾಕಿದರು. ಮಂಚ ಪಡಸಾಲೆಗೆ ಬಂತು, ಕಿಟಕಿಗೆ ಒದ್ದೆ ಗೋಣಿ ಬಿತ್ತು. "ಇದು ಬಾಣಂತಿ ಕೋಣಿ ಅದ. ಯಾರೂ ಬಾಗ್ಲಾ ತೆಗಿಬ್ಯಾಡ್ರಿ!"

ಪಕ್ಕದ ಮನೆಯವನು ಬಿಡುತ್ತಾನೆಯೇ? "ಮಾಮಾ, ನಾಯಿಕೊಡಿ ಬೆಳ್ಯಾಕತ್ತೀರಂತ. ನಾಯಿನೂ ತರಸೀರೇನ್ರಿ?"

"ನಾಯಿಕೊಡಿ ಅಂದವ್ರಿಗೆ ಒಂದೂ ಕೊಡಂಗಿಲ್ಲ!"

"ಭಾಳ ಚಲೋ ಆತ್ರಿ."

ಎಲ್ಲರೂ ನಕ್ಕಾಗ ಮಾವ ರೇಗಿ ಆಣೆ ಹಾಕಿದರು: "ಇದೊಂದು ಆಗಲಿಲ್ಲಂದ್ರ ನಾ ಮತ್ತ ಯಾವುದಕ್ಕೂ ಕೈ ಹಚ್ಚಂಗಿಲ್ಲ."

"ಹಂಗಾರ ಆಗದೇ ಇರ್ಲಿ!" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದಳು.

ಹದಿನೆಂಟನೆಯ ದಿನ ಮಾವ ತಿಂಥಣಿಗೆ ಮದುವೆಗೆಂದು ಹೋದರು. ಅತ್ತೆ ಮೆಲ್ಲಗೆ ಕೋಣೆಯ ಬಾಗಿಲು ತೆರೆದು ನೋಡಿದರೆ, ಚೀಲದೊಳಗೆಲ್ಲ ಬೆಳ್ಳಗೆ ಬೂಷ್ಟು! ತೊಗರಿಬೇಳೆಗೆ ಬೂಷ್ಟು ಬಂದರೆ ನಮ್ಮ ಕಡೆಯ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಅವಳೂ ಮಾಡಿದಳು. ಚೀಲ ಕೊಯ್ದು, ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ, ಎಲ್ಲವನ್ನೂ ಸುರಪುರದ ಬಿಸಿಲಿಗೆ ಹರವಿದಳು. ಆ ಬಿಳಿ ನೂಲೇ ಅಣಬೆಯ ಜೀವ ಎಂದು ಅವಳಿಗೆ ಹೇಳಿದವರು ಯಾರು? ಊರಿಗೆಲ್ಲ ಭಾಷಣ ಬಿಗಿದ ಮಾವ ಹೆಂಡತಿಗೆ ಹೇಳಿರಲಿಲ್ಲ.

"ಬೂಷ್ಟು ಬಂದಿತ್ರಿ. ಬಿಸಲಿಗಿ ಹಾಕೀನಿ. ಚಲೋ ಒಣಗ್ಯಾವ," ಎಂದು ಮರುದಿನ ಹೆಮ್ಮೆಯಿಂದ ತೋರಿಸಿದಳಂತೆ. ಮಾವ ಒಂದು ಹಿಡಿ ಎತ್ತಿ ನೋಡಿದರಂತೆ. "ಆಯ್ತು ಬಿಡು," ಎಂದರಂತೆ. ಅಷ್ಟೇ.

ಭಾನುವಾರ ನಾನು ಶಹಾಪುರದಿಂದ ಹೋದಾಗ ಮಾವ ಕಟ್ಟೆಯ ಮೇಲೆ ಕೂತಿದ್ದರು. ಅರ್ಧ ತಾಸಾದರೂ ಕೂತೇ ಇದ್ದರು. ಎದುರಿಗೇ ನಲ್ಲಿ ಸೋರುತ್ತಿತ್ತು, ಕತ್ತೆತ್ತಿ ನೋಡಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಒಳಗೆ ಅತ್ತೆ ಲಾರಿ ಡ್ರೈವರನಿಗೆ ಫೋನು ಹಚ್ಚಿದ್ದಳು. "ನಾಕಲ್ಲೋ ತಮ್ಮಾ, ಎಂಟು ಚೀಲ ತಗೊಂಡ್ ಬಾ." ಫೋನಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೈದಿದ್ರ ಬೈಸ್ಕೋತಿದ್ದೆ. ಬೈಲೇ ಇಲ್ಲ ನೋಡು. ಅವರು ಹಂಗ ಕುಂತ್ರ, ಮನಿಯಾಗ ನಾ ಒಬ್ಬಾಕಿನೇ ಇದ್ದಂಗ ಆಗ್ತದ."