ಕೋಚ್ ಎಂಟ್‌ವಿಸಲ್ ಅವರು ಇನ್ನಷ್ಟು ಸೋಲಲಿ

ಬ್ರಾಕನ್‌ಥಾರ್ಪ್ ರಗ್ಬಿ ಲೀಗ್ ಕ್ಲಬ್ಬಿನ ಘನ ಅಧ್ಯಕ್ಷರೂ, ಕೋಚ್‌ಗಳನ್ನು ಕಾಲ್ಚೀಲಕ್ಕಿಂತ ಚುರುಕಾಗಿ ಬದಲಿಸುವವರೂ ಆದ ಸಟ್‌ಕ್ಲಿಫ್ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಭಾನುವಾರ ಮತ್ತೆ ಸೋತ ಮೇಲೆ ತಾವು ಹಿಂಬಾಗಿಲಿನಿಂದ ಓಡಿದ ವೇಗ ಕಂಡು, ತಮ್ಮ ಮಂಡಿನೋವು ವಾಸಿಯಾಯಿತೆಂದು ಸಂತೋಷಪಟ್ಟೆ.

ಹೊಸ ಕೋಚ್ ಎಂಟ್‌ವಿಸಲ್ ಅವರು ಬಂದಾಗ, ತಂಡವನ್ನು ಬುಡದಿಂದ ಕಟ್ಟಬೇಕು, ಸಮಯ ಕೊಡಿ ಎಂದು ತಾವೇ ಮೈಕ್ ಹಿಡಿದು ಬೇಡಿಕೊಂಡಿರಿ. ಊರು ಧಾರಾಳವಾಗಿ ಈಸ್ಟರ್ ತನಕ, ಅಂದರೆ ಕೆಲವೇ ವಾರ, ಕೊಟ್ಟಿತು. ಈಗ ಬಿತ್ತಿದ ಮರುದಿನವೇ ಕುಡುಗೋಲು ಹಿಡಿದು ನಿಂತಿದೆ. ಮೊನ್ನೆ ನಾನು ಊಟ ಬಡಿಸುವ ಪೈ ಅಂಗಡಿಯಲ್ಲಿ ನನ್ನ ಮಾವನವರು, "ಅಲ್ಲಮ್ಮಾ, ನಮ್ಮ ಹಳೇ ವೈರಿ ಲ್ಯಾಂಕಾಷೈರ್‌ನೋನ ಕೈಗೆ ಯಾರ್ಕ್‌ಷೈರ್ ಟೀಮ್ ಕೊಡೋದಾ? ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗೆ! ನನ್ನ ಮಗನ್ನೇ ಹೊರಗೆ ಹಾಕಿದಾನಲ್ಲ, ನಾಚಿಕೆ ಬೇಡ್ವಾ ಅವನಿಗೆ?" ಎಂದು ಗುಡುಗಿದರು. ನಾನು ಅವರ ತಟ್ಟೆಗೆ ಇನ್ನೊಂದಿಷ್ಟು ಬಟಾಣಿ ಬಡಿಸಿದೆ.

ಹೌದು ಸ್ವಾಮಿ, ನನ್ನ ಗಂಡ ಕ್ರೇಗ್ ಹದಿನಾಲ್ಕು ವರ್ಷ ತಂಡದ ಮುಂದಿನ ಸಾಲಿನಲ್ಲಿ ನಿಂತು, ತಲೆಯಿಂದಲೇ ದಾರಿ ಮಾಡಿಕೊಟ್ಟವನು. ಹೋದ ವರ್ಷ ಮ್ಯಾಚೇ ಇಲ್ಲದ ಒಂದು ಮಂಗಳವಾರ ಬೂಟು ಕಟ್ಟಿಕೊಂಡು, "ಏ ಜನೀನ್, ಬಸ್ ಎಷ್ಟೊತ್ತಿಗೇ? ಇವತ್ತು ಮ್ಯಾಚ್ ಅಲ್ವೇನೇ?" ಎಂದು ಕೇಳಿದ. ತಲೆಗೆ ಪೆಟ್ಟು ಬಿದ್ದಾಗಲೆಲ್ಲ ಹಿಂದಿನ ಕೋಚ್‌ಗಳು "ನೀನು ಹುಲಿ ಕಣಯ್ಯಾ" ಎಂದು ಬೆನ್ನು ತಟ್ಟಿ ಮತ್ತೆ ಮೈದಾನಕ್ಕೆ ತಳ್ಳಿದ್ದರು. ಎಂಟ್‌ವಿಸಲ್ ಒಬ್ಬರೇ, ಬಂದ ಮೊದಲ ವಾರವೇ, "ಸಾಕಪ್ಪಾ, ಇನ್ನು ಮನೆಗೆ ಹೋಗು" ಎಂದರು. ಊರು ಅದನ್ನು ಅನ್ಯಾಯ ಎನ್ನುತ್ತದೆ. ನಾನು ಅಡುಗೆಮನೆಯಲ್ಲಿ ನಿಂತು ಸಂತೋಷಕ್ಕೆ ಅತ್ತೆ.

ಆದ್ದರಿಂದ ತಾವು ದಯಮಾಡಿ ಅವರಿಗೆ ಹತ್ತು ವರ್ಷ ಕೊಡಬೇಕು. ತಂಡ ಪ್ರತಿ ಭಾನುವಾರ ಶಿಸ್ತಾಗಿ ಸೋಲಬೇಕು. ಕೊನೆಯ ದರ್ಜೆಯಿಂದಲೂ ಜಾರಿದರೆ, ಅದರ ಕೆಳಗೆ ಇನ್ನೊಂದು ದರ್ಜೆಯನ್ನು ತಾವೇ ಸ್ಥಾಪಿಸಿ ಉದ್ಘಾಟಿಸಬೇಕು. ಅವರನ್ನು ಕಳಿಸಿಬಿಟ್ಟರೆ, ಮುಂದೆ ಬರುವ ಕೋಚ್ ಮೊದಲು ಫೋನ್ ಮಾಡುವುದು ನಮ್ಮ ಮನೆಗೆ. ಕ್ರೇಗ್ ಹೋಗೇ ಹೋಗುತ್ತಾನೆ. ನನಗೆ ಹೆದರಿಕೆಯಾಗಿದೆ.

ಸೋಲನ್ನೇ ಹಾರೈಸುವ ತಮ್ಮ ವಿಶ್ವಾಸಿ,
ಜನೀನ್ ಆಕ್ರಾಯ್ಡ್

ವಿ.ಸೂ.: ಕೋಚ್‌ನನ್ನು ಓಡಿಸಿ ಎಂದು ಪಬ್ಬಿನಲ್ಲಿ ಸಹಿ ಸಂಗ್ರಹ ನಡೆದಿದೆ. ಅದು ತಮ್ಮ ಮೇಜಿಗೆ ಬಂದಾಗ, ನನ್ನ ಗಂಡನ ಸಹಿಗಳನ್ನು ದಯವಿಟ್ಟು ಒಂದೇ ಎಂದು ಎಣಿಸಿ. ಮೂರು ಸಲ ಹಾಕಿದ್ದಾನೆ, ಪ್ರತಿ ಸಲವೂ ಇದೇ ಮೊದಲು ಎಂದುಕೊಂಡು.