ಡಾಕ್ಟರ ರೈಫಲ್ಲೂ ಅದರ ಗ್ಯಾಸೂ

ನಗಬಾರದ ಕಡೆ ನಗು ಬರುವಂಥ ಪ್ರಸಂಗಗಳು ನನ್ನ ಪಾಲಿಗೆ ಆಗುತ್ತಲೇ ಇರುತ್ತವೆ. ಕಳೆದ ವರ್ಷವಿಡೀ ಅದೇ ಆಯಿತು.

ನಾನು ಮೈಸೂರಿನವನು. ಮಲೇಷ್ಯಾದ ಬಯಾನ್ ಲೆಪಾಸ್‌ನ ಒಂದು ಚಿಪ್ ಕಾರ್ಖಾನೆಯಲ್ಲಿ ಗಾಳಿಯ ಒತ್ತಡದಿಂದ ಓಡುವ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಭಾನುವಾರ ಶೂಟಿಂಗ್ ಕ್ಲಬ್ಬಿನಲ್ಲಿ ಏರ್ ರೈಫಲ್ ರಿಪೇರಿ. ಆ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತಿದ್ದವರು ಉಡುಪಿ ಕಡೆಯ ಒಬ್ಬ ಡಾಕ್ಟರು, ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಿದ್ದವರು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಕೆಲಸವೂ ಹೋಯಿತು. ಮೂರು ತಿಂಗಳು ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೊಂದು ದಿನ ಅವರ ಹೆಂಡತಿ ಫೋನ್ ಮಾಡಿ, "ಇವತ್ತು ಬಾಯಿ ಬಿಟ್ರು. ರೈಫಲ್ ಬೇಕಂತೆ," ಎಂದರು.

ನಮ್ಮ ರೈಫಲ್‌ಗಳಲ್ಲಿ ಪ್ರತಿ ಗುಂಡಿಗೂ ಪಕ್ಕದ ಲೀವರ್ ಎಳೆಯಬೇಕು. ಒಂದೇ ಕೈಯಲ್ಲಿ ಅದು ಆಗದ ಕೆಲಸ. ಹಾಗಾಗಿ ಅವರಿಗಾಗಿಯೇ ಒಂದನ್ನು ಕಟ್ಟಲು ಹೊರಟೆ. ಅದು ಸ್ಟ್ಯಾಂಡಿನ ಮೇಲೆ ಕೂತಿರಬೇಕು. ಗುಂಡು ಹಾರಿದಾಗ ಸ್ವಲ್ಪ ಗ್ಯಾಸ್ ಹಿಂದಕ್ಕೆ ಬಂದು, ಗುಂಡಿನ ಹಿಂದಿರುವ ಬೋಲ್ಟೆಂಬ ಸರಳನ್ನು ತಳ್ಳಿ, ಮುಂದಿನ ಗುಂಡನ್ನು ತಾನೇ ಏರಿಸಬೇಕು. ಹೀಗೆ ಐದು ಸಲ, ಎಲ್ಲೂ ಸಿಕ್ಕಿಕೊಳ್ಳದೆ.

೧. ಕಾಗದ

ಇಲ್ಲಿ ಬಂದೂಕಿನ ವಿಷಯದಲ್ಲಿ ಕಾನೂನು ಬಿಗಿ. ಒಂದು ಸ್ಕ್ರೂ ಮುಟ್ಟುವ ಮೊದಲೇ ಅನುಮತಿ ಬೇಕು. ಅರ್ಜಿಯಲ್ಲಿ 'ಕಸ್ಟಮ್ ರೈಫಲ್' ಎಂದು ಬರೆದೆ. ಕೌಂಟರಿನ ಗುಮಾಸ್ತ ಓದಿ, "ಕಸ್ಟಮ್ಸ್‌ನವರ ಕೆಲಸ ನಮ್ಮಲ್ಲಿ ಇಲ್ಲ. ಸುಂಕದ ಕಚೇರಿಗೆ ಹೋಗಿ," ಎಂದ.

ಹೋದೆವು. ಡಾಕ್ಟರು ಕಾರಿನಲ್ಲೇ ಕೂತರು. ಹತ್ತು ಮೆಟ್ಟಿಲು ಹತ್ತುವುದೂ ಅವರಿಗೆ ಆಗುತ್ತಿರಲಿಲ್ಲ.

ಸುಂಕದ ಅಧಿಕಾರಿ ಅರ್ಜಿಯನ್ನು ಎರಡು ಸಲ ಓದಿದರು. "ಎಲ್ಲಿಂದ ಬರ್ತಾ ಇದೆ ಇದು?"

"ಕ್ಲಬ್ಬಿನ ನನ್ನ ಬೆಂಚಿನಿಂದ."

"ಎಲ್ಲಿಗೆ ಹೋಗುತ್ತೆ?"

"ಪಕ್ಕದ ಬೆಂಚಿಗೆ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಷ್ಟು ದೂರಕ್ಕೆ ನಾವು ಸುಂಕ ಹಾಕಲ್ಲ."

ಅರ್ಜಿ ತಿದ್ದಿ ಮೊದಲ ಕಚೇರಿಗೇ ಕೊಟ್ಟೆ; ಅನುಮತಿ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಡಾಕ್ಟರು ಇನ್ನೂ ಸೊರಗಿದ್ದರು.

೨. ಕಮ್ಮಿ

ಮೊದಲ ಪ್ರಯತ್ನದಲ್ಲಿ ಗುಂಡೇನೋ ಹಾರಿತು. ಆದರೆ ಗ್ಯಾಸ್ ಸಾಲದೆ ಬೋಲ್ಟ್ ಅರ್ಧಕ್ಕೆ ಬಂದು ನಿಂತಿತು. ಗ್ಯಾಸ್ ಬಿಡುವ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದೆ. ಮತ್ತೆ ಅರ್ಧಕ್ಕೇ ನಿಂತಿತು. ಪಕ್ಕದಲ್ಲೇ ಕೂತಿದ್ದ ಡಾಕ್ಟರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಅವರು ಆ ಬೋಲ್ಟನ್ನು ಎಡಗೈ ಬೆರಳಿನಿಂದ ಮುಟ್ಟಿ ನೋಡಿದರು. "ಇದಕ್ಕೂ ನನ್ನದೇ ಕಾಯಿಲೆ ಮಾರಾಯ," ಎಂದು ನಿಧಾನಕ್ಕೆ ಹೇಳಿದರು. "ಮೇಲಿನಿಂದ ಆರ್ಡರ್ ಬರ್ತದೆ. ಕೆಳಗೆ ಯಾರೂ ಕೇಳುದಿಲ್ಲ."

"ಸರಿ ಮಾಡ್ತೀನಿ ಡಾಕ್ಟ್ರೇ."

"ನನಗೂ ಹಾಗೇ ಹೇಳಿದ್ರು. ಅವರು ಸ್ಪೆಷಲಿಸ್ಟು."

೩. ಜಾಸ್ತಿ

ಹಟಕ್ಕೆ ಬಿದ್ದು ಗ್ಯಾಸ್ ಹೆಚ್ಚಿಸಿದೆ. ಈಗ ಬೋಲ್ಟ್ ಎಷ್ಟು ರಭಸದಿಂದ ಹಿಂದಕ್ಕೆ ಹೊಡೆಯಿತೆಂದರೆ ಸ್ಟ್ಯಾಂಡೂ ನಾನು ಕೂತಿದ್ದ ಕುರ್ಚಿಯೂ ಅಲುಗಿದವು, ಮುಂದಿನ ಗುಂಡು ಚಪ್ಪಟೆಯಾಗಿ ಸಿಕ್ಕಿಕೊಂಡಿತು. ಬೇಸರದಿಂದ ತಮಿಳು ಮುಸ್ಲಿಮರ ಮಮಕ್ ಹೋಟೆಲಿನಲ್ಲಿ ಟೀ ಮುಂದಿಟ್ಟುಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ಗದ್ದಲವಿದ್ದುದರಿಂದ ಜೋರಾಗಿಯೇ ಹೇಳಿದೆ. "ಗ್ಯಾಸ್ ಜಾಸ್ತಿ ಆಗ್ತಿದೆ ಡಾಕ್ಟ್ರೇ. ಹಿಂದಕ್ಕೆ ಒಂದೇ ಸಮ ಹೊಡೀತಿದೆ. ಕುರ್ಚಿ ಸಮೇತ ಅಲ್ಲಾಡುತ್ತೆ."

ಪಕ್ಕದ ಮೇಜಿನ ತಮಿಳು ತಾತ ಎದ್ದು ಬಂದು ನನ್ನ ಭುಜ ಮುಟ್ಟಿದರು. "ಪೆರುಂಗಾಯಂ, ಇಂಗು, ತಂಬಿ. ಮಜ್ಜಿಗೆಯಲ್ಲಿ ಹಾಕಿ ಕುಡಿ." ಆಮೇಲೆ ನನ್ನ ಕುರ್ಚಿಯನ್ನೊಮ್ಮೆ ನೋಡಿ, ತಮ್ಮ ತಟ್ಟೆ ಎತ್ತಿಕೊಂಡು ಗಾಳಿ ಬರುವ ಕಡೆಗೆ ಹೋಗಿ ಕೂತರು.

೪. ಐದು ಗುಂಡು

ಗ್ಯಾಸ್ ಸೋರುತ್ತಿದ್ದ ಸೀಲ್ ಬದಲಿಸಿ, ಸ್ಪ್ರಿಂಗ್ ಬದಲಿಸಿ, ಕಡೆಗೂ ರೈಫಲ್ ಹದಕ್ಕೆ ಬಂತು. ಕ್ಲಬ್ಬಿನ ಸ್ಪರ್ಧೆಯ ದಿನ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಬಲಪಕ್ಕದ ಸಾಲಿನಲ್ಲಿ ಒಬ್ಬ ನಿವೃತ್ತ ಚೀನೀ ಟೀಚರಮ್ಮ.

ಡಾಕ್ಟರು ಎಡಗೈಯಿಂದ ಟ್ರಿಗರ್ ಒತ್ತಿದರು. ಒಂದು, ಎರಡು, ಮೂರು, ನಾಲ್ಕು, ಐದು. ಒಮ್ಮೆಯೂ ತಡೆಯಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಗುರಿಯ ಕಾರ್ಡ್ ತಂದರು. ಅದರಲ್ಲಿ ಒಂದು ತೂತೂ ಇರಲಿಲ್ಲ. ಟೀಚರಮ್ಮನ ಕಾರ್ಡಿನಲ್ಲಿ ಹತ್ತು ತೂತು. ಐದು ಅಲ್ಲಲ್ಲಿ ಚದುರಿದ್ದವು. ಇನ್ನೈದು ನಡುಮಧ್ಯದಲ್ಲಿ, ಒಂದರ ಮೇಲೊಂದು. ಅವರು ಆ ಕಾರ್ಡನ್ನು ಡಾಕ್ಟರ ಕೈಗೆ ಕೊಟ್ಟರು.

ಆ ವಾರವೇ ಡಾಕ್ಟರು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಸ್ಟ್ರೋಕು ಕಣ್ಣಿನ ಲೆಕ್ಕಾಚಾರವನ್ನೂ ಕೆಡಿಸಿತ್ತು. ಯಾವುದು ತಮ್ಮ ಸಾಲು, ಯಾವುದು ಪಕ್ಕದ್ದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಸರಿಹೋಗುವುದಿಲ್ಲ, ಇನ್ನು ಶೂಟಿಂಗ್ ಬೇಡ ಎಂದು ಆಸ್ಪತ್ರೆಯವರು ಹೇಳಿದರು. ರೈಫಲ್ಲನ್ನು ಕ್ಲಬ್ಬಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ನೋಡಿಕೊಂಡು ಬರಲು ಅವರ ಮನೆಗೆ ಹೋದಾಗ ಆ ಕಾರ್ಡನ್ನು ನಡುಮನೆಯ ಗೋಡೆಗೆ ಹಾಕಿದ್ದರು. ಕೆಳಗೆ ಟೀಚರಮ್ಮನ ಹೆಸರು ಹಾಗೇ ಇತ್ತು. "ರಿಪೋರ್ಟ್ ವಿಷಯ ಕೇಳಿ ಬೇಜಾರಾಯ್ತು," ಎಂದೆ.

ಡಾಕ್ಟರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಹೆಂಡತಿ ಕಾಫಿ ಲೋಟ ಅವರ ಎಡಗೈಗೆ ಕೊಟ್ಟು, ಬಿಸಿ ಉಂಟು ಎಂದು ಬೆರಳುಗಳನ್ನು ಸರಿಯಾಗಿ ಮಡಿಸಿ, ನನ್ನ ಕಡೆ ನೋಡಿದರು.

"ಇವರ ಕಣ್ಣು ಪಕ್ಕದ ಹೆಂಗಸಿನ ಕಡೆ ಹೋಗ್ತದೆ ಅಂತ ನಾನು ಮದುವೆಯಾದಾಗಿನಿಂದ ಹೇಳ್ತಾ ಇದ್ದೇನೆ. ಈಗ ಆಸ್ಪತ್ರೆಯವರೂ ಸ್ಕ್ಯಾನ್ ಮಾಡಿ ಒಪ್ಪಿಕೊಂಡ್ರು."